ನವಾಬ, ಬೇಗಂ ಮತ್ತು ಶಿವಪ್ರಕಾಶ

"ಆ ನವಾಬನ್ನ ನಮ್ಮಕಿ ಕೊರಳಿಂದ ಇಳಿಸಲಿಲ್ಲಂದ್ರ ನಾ ಶಿವಪ್ರಕಾಶನ ಅಲ್ಲ!"

ಜೀಡಿಮೆಟ್ಲಾದ ಔಷಧ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಶಿವಪ್ರಕಾಶ ಮೇಜು ಗುದ್ದಿದ. ಜೊತೆಗೆ ಕೆಲಸ ಮಾಡುವ ಲಿಂಗಣ್ಣ ಬೆಚ್ಚಿದ.

"ಯಾವ ನವಾಬರಿ?"

"ಶುಗರ್ ಗ್ಲೈಡರ್!"

"ಶುಗರಾ? ಮುಂಜಾನೆ ವಾಕಿಂಗ್ ಮಾಡ್ರಿ, ಇಳೀತೈತಿ."

ವಾಕಿಂಗಿಗೆ ಇಳಿಯುವ ಶುಗರ್ ಅದಾಗಿರಲಿಲ್ಲ! ಅಳಿಲಿನಂಥ ಪುಟ್ಟ ಪ್ರಾಣಿ. ಕೈಕಾಲಿನ ನಡುವಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ ಕಪಾಟಿನಿಂದ ಪರದೆಗೆ ತೇಲುತ್ತಿತ್ತು. ಹಗಲೆಲ್ಲ ಹೆಂಡತಿ ಸೌಂದರ್ಯಾಳ ಕೊರಳಿನ ಬಟ್ಟೆಚೀಲದಲ್ಲಿ ನಿದ್ದೆ. ದುಡಿದು ಬಂದ ಗಂಡ ಚಹಾ ಕೇಳಿದರೆ, "ಶ್! ನವಾಬ ಮಲಗ್ಯಾನ!" ನವಾಬನಿಗೆ ಬೀಜ ತೆಗೆದ ಸೇಬು, ಗಂಡನಿಗೆ ನಿನ್ನೆಯ ರೊಟ್ಟಿ. ಯಾವ ಗಂಡಸು ಸಹಿಸಿಯಾನು?

ಶಿವಪ್ರಕಾಶ ಉಪಾಯ ಹೂಡಿದ. "ಪಾಪ, ಒಂಟಿ ಜೀವ. ಒಂದು ಜೋಡಿ ತರೂಣು," ಎಂದು ದನಿ ನಡುಗಿಸಿದ. ಸೌಂದರ್ಯಾ ಕಣ್ಣೊರೆಸಿಕೊಂಡಳು. ಹೀಗೆ ಬೇಗಂ ಮನೆಗೆ ಬಂದಳು.

"ಪಂಜರ ಬಾಜೂಕ ಬಾಜೂಕ ಇಡ್ರಿ. ಹಾಸಿಗಿ ಬಟ್ಟಿ ಅದಲು ಬದಲು ಮಾಡ್ರಿ, ವಾಸನಿ ಗುರ್ತಾಗಲಿ. ಅವಸರ ಮಾಡಬ್ಯಾಡ್ರಿ," ಎಂದಿದ್ದರು ಮಾರಿದವರು. ಅಲ್ಲಿಯವರೆಗೆ ಬೇಗಂಗೂ ಒಂದು ಕೊರಳು ಬೇಕಲ್ಲ? ಶಿವಪ್ರಕಾಶನೇ ಚೀಲ ಕಟ್ಟಿಕೊಂಡ. ಅವಳು ಅವನ ಬೆರಳು ಹಿಡಿದು ನಿದ್ದೆಹೋದಾಗ, ಉಸಿರನ್ನೂ ಮೆಲ್ಲಗೆ ಬಿಟ್ಟ.

ಆದರೂ ಹೊಟ್ಟೆಕಿಚ್ಚಿಗೆ ಅವಸರ! ಚೀಲಕ್ಕೆ ಮೆತ್ತನೆಯ ಬಟ್ಟೆ ತರಲು ಸೌಂದರ್ಯಾ ಕೋಠಿ ಪೇಟೆಗೆ ಹೋದದ್ದೇ ತಡ, ಬೇಗಂಳನ್ನು ನವಾಬನ ಪಂಜರದೊಳಗೆ ಬಿಟ್ಟೇಬಿಟ್ಟ. "ಒಂದ ಕುಲ, ಒಂದ ಜಾತಿ. ಇನ್ನೇನು ಜಾತಕ ನೋಡಬೇಕೇನು!"

ನವಾಬ ಕೆಟ್ಟ ಆಟೋ ಸ್ಟಾರ್ಟ್ ಆದಂತೆ ಕಿರ್‌ರ್‌ರ್ ಎಂದ. ಬೇಗಂ ಎರಡರಷ್ಟು ಕಿರ್‌ರ್‌ರ್ ಎಂದಳು. ಎರಡೂ ಉಂಡೆಯಾಗಿ ಉರುಳಿದವು! ಬಿಡಿಸಲು ಕೈ ಹಾಕಿದವನ ಹೆಬ್ಬೆರಳಿಗೆ ಹಲ್ಲು ನಾಟಿತು. ಕೈ ಹೊರಗೆಳೆದ, ಹಿಂದೆಯೇ ಎರಡೂ ಹೊರಗೆ! ಬೇಗಂ ಪರದೆ ಏರಿದಳು. ನವಾಬ ಕಪಾಟಿನಿಂದ ತೇಲಿಬಂದು ಶಿವಪ್ರಕಾಶನ ಬೋಳುತಲೆಯ ಮೇಲಿಳಿದು, ಅಲ್ಲಿಯೇ ಬೆಚ್ಚಗೆ ಅಭಿಷೇಕ ಮಾಡಿದ.

ಬಾಗಿಲು ತೆರೆಯಿತು.

"ರೀ! ಏನ್ ಮಾಡಾಕತ್ತೀರಿ?"

"ಲಗ್ನ!" ಎಂದ ಶಿವಪ್ರಕಾಶ, ಹೆಬ್ಬೆರಳು ಹೀರುತ್ತ.

ಸೌಂದರ್ಯಾ ನವಾಬನನ್ನು ಎತ್ತಿಕೊಂಡಳು. ಕಿವಿಯಂಚಿನಲ್ಲಿ ರಕ್ತದ ಹನಿಯಿತ್ತು. ಅವಳು ಬೈಯಲಿಲ್ಲ, ಸೆರಗಿನಿಂದ ಮೆಲ್ಲಗೆ ಒರೆಸಿದಳು. "ಇವು ಸತ್ತಿದ್ರ?" ಎಂದಷ್ಟೇ ಕೇಳಿದಳು. ಶಿವಪ್ರಕಾಶನ ಮುಖ ಸಣ್ಣದಾಯಿತು. ಪರದೆಯ ತುದಿಯಲ್ಲಿ ನಡುಗುತ್ತಿದ್ದ ಬೇಗಂಳನ್ನು ಸ್ಟೂಲು ಹತ್ತಿ ಇಳಿಸಿಕೊಂಡು ಎದೆಗೊತ್ತಿಕೊಂಡ.

ಅಂದಿನಿಂದ ಎಲ್ಲ ಸೌಂದರ್ಯಾಳ ಹುಕುಂ. ಮತ್ತೆ ಬೇರೆ ಪಂಜರ, ಬಟ್ಟೆಗಳ ಅದಲು ಬದಲು. ಕಿರ್‌ರ್‌ರ್ ಕಡಿಮೆಯಾದ ಮೇಲೆ ಭೇಟಿಗೆ ಒಣ ಬಚ್ಚಲುಮನೆ, ಯಾಕೆಂದರೆ ಅಲ್ಲಿ ಇಬ್ಬರದೂ ವಾಸನೆಯಿಲ್ಲ. ನಡುವೆ ಮಣೆಯ ಮೇಲೆ ಶಿವಪ್ರಕಾಶ, ಮರದ ಪಾತ್ರದಲ್ಲಿ! ಒಂದು ಸಂಜೆ ಅವನ ಎಡ ಭುಜದಿಂದ ನವಾಬ, ಬಲ ಭುಜದಿಂದ ಬೇಗಂ ಬಂದು ಕುತ್ತಿಗೆಯ ಹಿಂದೆ ಮೂಗು ತಾಗಿಸಿದರು. ಮರ ಕಚಗುಳಿ ತಡೆದುಕೊಂಡು ಕೂತಿತು.

ಕೊನೆಗೆ ದೊಡ್ಡ ಪಂಜರ, ಒಂದೇ ಚೀಲ, ಇಬ್ಬರೂ ಮುದ್ದೆಯಾಗಿ ನಿದ್ದೆ. ಗೆದ್ದೆ!

ಸೌಂದರ್ಯಾ ಬರಿಗೊರಳಲ್ಲಿ, ಬಿಸಿ ಚಹಾ ಹಿಡಿದು ಬಂದು ಪಕ್ಕದಲ್ಲಿ ಕೂತಳು. "ಭಾಳ ದಿನಾತು, ಹಿಂಗ ಕೂತು ಮಾತಾಡಿ."

"ತಡಿ ತಡಿ," ಎಂದ ಶಿವಪ್ರಕಾಶ, ಪಂಜರಕ್ಕೆ ಮುಖ ಒತ್ತಿ. "ನೋಡಿಲ್ಲಿ, ಅಂವ ನನ್ನ ಬೇಗಂ ಮ್ಯಾಲೆ ಕಾಲು ಚಾಚ್ಯಾನ! ಇಷ್ಟ ಕರದ್ರೂ ಆಕಿ ನನ್ನ ಕಡೆ ನೋಡವಲ್ಲಳು! ಬ್ಯಾರೆ ಪಂಜರಕ್ಕ ಹಾಕೂಣೇನು?"

ಸೌಂದರ್ಯಾ ಅವನ ಪಾಲಿನ ಚಹಾವನ್ನೂ ತಾನೇ ಕುಡಿದು ಎದ್ದಳು.

"ಎರಡು ಒಗ್ಗಿದವು. ಮನ್ಯಾಗ ಒಗ್ಗಿಸೂ ಪ್ರಾಣಿ ಇನ್ನೂ ಒಂದು ಉಳದೈತಿ!"