ಬಾಯಿಗೆ ಹಿಡಿಯುವ ಒಂದು ಬರ್ಗರ್ ಕೋರಿ

ಇಂದ,
ಮಾಜಿ ಕ್ಯಾಷಿಯರ್, ಹಾಲಿ ಹೆಂಡತಿ,
ಅಡುಗೆಮನೆ.

ಗೆ,
ಮಾಲೀಕರು ಮತ್ತು ಮುಖ್ಯ ಬಾಣಸಿಗರು,
ಬಾಗಿಲು ಹಾಕಿರುವ ಬರ್ಗರ್ ಅಂಗಡಿ,
ಸದ್ಯದ ಮೊಕ್ಕಾಂ: ನಡುಮನೆಯ ಸೋಫಾ.

ವಿಷಯ: ಸೋಫಾದಿಂದ ಎದ್ದು ಒಲೆಯ ಮುಂದೆ ಹಾಜರಾಗುವ ಬಗ್ಗೆ.

ಉಲ್ಲೇಖ: ನಿನ್ನೆ ಸಂಜೆ ತಾವು ಗೋಡೆಯ ಕಡೆ ತಿರುಗಿ ನುಡಿದ "ಇನ್ನು ನನ್ನ ಕೈಲಿ ಏನೂ ಆಗಲ್ಲ ಕಣೇ" ಎಂಬ ಮೌಖಿಕ ಆದೇಶ.

ಮಾನ್ಯರೇ,

ಅಂಗಡಿ ಮುಚ್ಚಿದಂದಿನಿಂದ ತಾವು ಒಲೆಯ ಕಡೆ ತಲೆ ಹಾಕಿಲ್ಲ. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತೀರಿ. ಜಗಳಕ್ಕೂ ಬರುತ್ತಿಲ್ಲವಾದ ಕಾರಣ ನನಗೆ ನಿಜಕ್ಕೂ ಭಯವಾಗಿದೆ. ಆದ್ದರಿಂದ ಈ ಕೆಳಗಿನ ಅಂಶಗಳನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

೧. ಬೀರುವಿನಷ್ಟು ಜಾಗದಲ್ಲಿ ಕಾವಲಿ ಇಟ್ಟು ಅಂಗಡಿ ತೆರೆದಾಗ, ಆಲೂಗಡ್ಡೆ ಬಿಲ್ಲೆ ಒತ್ತಲು ತಮ್ಮ ಬಳಿ ಅಚ್ಚು ಇರಲಿಲ್ಲ. ಆದಕಾರಣ ಮನೆಯ ಸಕ್ಕರೆ ಡಬ್ಬಿಯ ಮುಚ್ಚಳವನ್ನು ಒಯ್ದಿರಿ. ಆ ಅಳತೆಯ ಬರ್ಗರ್ ಎಲ್ಲರ ಬಾಯಿಗೂ ಸರಿಹೋಯಿತು. ಗಿರಾಕಿಗಳ ಸಾಲು ಪಕ್ಕದ ಟೈಲರ್ ಅಂಗಡಿಯನ್ನು ದಾಟಿತು. ಇತ್ತ ಸಕ್ಕರೆಗೆ ಇರುವೆ ಮುತ್ತಿದವು, ನಾನು ದೂರಲಿಲ್ಲ. ದೂರಿದೆ, ಮೆಲ್ಲಗೆ.

೨. ಬೀದಿಯ ತುದಿಯಲ್ಲಿ ಇನ್ನೊಬ್ಬರು ಎರಡು ಬಿಲ್ಲೆಯ ಬರ್ಗರ್ ಶುರುಮಾಡಿದರು. ಸುಮ್ಮನಿರಲಾರದೆ ತಾವು ಮೂರು ಇಟ್ಟಿರಿ. ಅವರು ನಾಲ್ಕು ಇಟ್ಟರು. ಕಾರಣ ತಾವು ಐದು ಪೇರಿಸಿ, ಬೀಳದಿರಲೆಂದು ನಡುವೆ ಕಡ್ಡಿ ಚುಚ್ಚಿ, ಸಣ್ಣ ಬರ್ಗರನ್ನು ಬೋರ್ಡಿನಿಂದಲೇ ಅಳಿಸಿದಿರಿ. ತಿನ್ನಲು ಬಂದ ಗಾರೆ ಮೇಸ್ತ್ರಿ ತಟ್ಟೆಯನ್ನು ಸುತ್ತಲೂ ತಿರುಗಿಸಿ ನೋಡಿ, "ತಳಪಾಯ ಸಾಲದು ಸಾರ್" ಅಂದರು. ಮಹಡಿ ಮೇಲಿನ ಹಲ್ಲಿನ ಡಾಕ್ಟರು ಮಾತ್ರ ನಮ್ಮ ಏಳಿಗೆಯನ್ನು ಮನಸಾರೆ ಹಾರೈಸುತ್ತಿದ್ದರು.

೩. ಜನ ಫೋಟೊ ತೆಗೆದು, ಅರ್ಧ ತಿಂದು ಎದ್ದುಹೋದರು. ಬರಬರುತ್ತಾ ಫೋಟೊ ಮಾತ್ರ ತೆಗೆದರು. ಸಣ್ಣದು ಮಾಡಿ, ಬಾಯಿಗೆ ಹಿಡಿಯಲ್ಲ ಎಂದು ನಾನು ಹೇಳಿದಾಗಲೆಲ್ಲ ನನಗೆ ವ್ಯಾಪಾರ ತಿಳಿಯದೆಂದು ತೀರ್ಮಾನವಾಗುತ್ತಿತ್ತು. ಅದನ್ನೀಗ ಎತ್ತಿ ಆಡುವುದು ನನ್ನ ಉದ್ದೇಶವಲ್ಲ. ಆದರೂ ದಾಖಲೆಯಲ್ಲಿರಲಿ. ಬೀದಿ ತುದಿಯ ಅಂಗಡಿಯೂ ಮುಚ್ಚಿದೆ ಎಂಬುದು ತಮ್ಮ ಸಮಾಧಾನಕ್ಕೆ.

೪. ಮುಳುಗಿದ್ದು ಅಂಗಡಿ. ತಮ್ಮ ಕೈರುಚಿ ಎಲ್ಲಿಗೂ ಹೋಗಿಲ್ಲ. ಹೋಗಿದೆ ಎಂದು ತಾವೊಬ್ಬರೇ ನಂಬಿರುವುದರಿಂದ ನನಗೆ ಸಂಕಟವಾಗುತ್ತಿದೆ.

೫. ಅಂಗಡಿ ಓಡುತ್ತಿದ್ದಷ್ಟು ಕಾಲ ಗಲ್ಲಾದಲ್ಲಿ ಕೂತಿದ್ದ ನನಗೆ ಬಿಸಿ ಬರ್ಗರ್ ಒಂದೂ ಸಿಕ್ಕಿಲ್ಲ. ಕೇಳಿದಾಗಲೆಲ್ಲ "ಗಿರಾಕಿಗಳದ್ದು ಮುಗೀಲಿ, ಆಮೇಲೆ ನಿನಗೆ" ಅಂದಿದ್ದಿರಿ. ಗಿರಾಕಿಗಳದ್ದು ಮುಗಿದಿದೆ. ಆದ್ದರಿಂದ ನನ್ನ ಸರದಿ ಬಂದಿದೆ.

ಕಾರಣ, ದಯಮಾಡಿ ಎದ್ದು, ಮುಖ ತೊಳೆದು, ಒಂದು ಬಿಲ್ಲೆಯ ಬರ್ಗರ್ ಒಂದನ್ನು ಬಿಸಿಯಾಗಿ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಕಡ್ಡಿ ಬೇಡ.

ಇಂತಿ, ಅಂಗಡಿ ಇದ್ದಾಗಲೂ ಇಲ್ಲದಾಗಲೂ
ತಮ್ಮ ವಿಶ್ವಾಸಿ,
(ಸಹಿ, ಎಣ್ಣೆ ಕೈಯಲ್ಲಿ)

ಲಗತ್ತುಗಳು:
ಸಕ್ಕರೆ ಡಬ್ಬಿಯ ಮುಚ್ಚಳ, ತೊಳೆದದ್ದು.
ಬೇಯಿಸಿದ ಆಲೂಗಡ್ಡೆ.
ಬನ್, ಎರಡು (ಇನ್ನೊಂದು, ಹಸಿವಿಲ್ಲ ಎನ್ನುವವರಿಗೆ).

ವಿ.ಸೂ.: ಕಾವಲಿ ಕಾಯುತ್ತಿದೆ. ತಾವು ಬಾರದಿದ್ದಲ್ಲಿ ನಾನೇ ಮಾಡಬೇಕಾಗುತ್ತದೆ. ನನ್ನ ಕೈಯಡುಗೆ ಹೇಗಿರುತ್ತದೆಂದು ತಮಗೆ ತಿಳಿದೇ ಇದೆ.