ಮೊದಲ ಗೇರಿನ ಗೆಲುವು

ಹಾರ್ಲನ್ ಹನ್ನೊಂದು ವರ್ಷದಿಂದ ಬಹಳ ಶ್ರದ್ಧೆಯಿಂದ ಸೋಲುತ್ತ ಬಂದವನು. ಒಂದೇ ಒಂದು ಓಟ ಗೆದ್ದರೂ ತನ್ನ ಹಳೆಯ ಕಾರನ್ನು ಮಾರಿಬಿಡುತ್ತೇನೆಂದು ಹೆಂಡತಿ ಓಪಲ್‌ಗೆ ಬೈಬಲ್ಲಿನ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ. ಮಾತು ತಪ್ಪುವ ಮನುಷ್ಯನಲ್ಲ, ಆದ್ದರಿಂದ ಗೆಲ್ಲುತ್ತಿರಲಿಲ್ಲ.

ಇಂಡಿಯಾನಾದ ಮೆಕ್ಕೆಜೋಳದ ಹೊಲಗಳ ನಡುವೆ ಕಾಲು ಮೈಲಿಯ ಓಟದ ಪಟ್ಟಿ. ತನ್ನ ಗಾಡಿ ಎಷ್ಟು ಸೆಕೆಂಡಿಗೆ ಗುರಿ ಮುಟ್ಟೀತೆಂದು ಪ್ರತಿಯೊಬ್ಬರೂ ಗಾಜಿನ ಮೇಲೆ ಬರೆಯಬೇಕು. ನಿಧಾನದವರನ್ನು ಇಬ್ಬರ ಅಂಕಿಗಳ ಅಂತರದಷ್ಟು ಮೊದಲೇ ಬಿಡುತ್ತಾರೆ. ಬರೆದದ್ದಕ್ಕಿಂತ ಬೇಗ ಮುಟ್ಟಿದವರು ಮುಂದಿದ್ದರೂ ಸೋತಂತೆ. ದೇವರೂ ಕೊನೆಗೆ ಕೇಳುವುದು ಇಷ್ಟನ್ನೇ ಇರಬೇಕು: ಹೇಳಿದ್ದೆಷ್ಟು, ನಡೆದದ್ದೆಷ್ಟು.

ಈ ಶನಿವಾರವನ್ನು ಕೆಡಿಸಿದ್ದು ಪಕ್ಕದ ಮನೆಯ ಮೆಕ್ಯಾನಿಕ್ ಮರ್ಲ್‌ನ ಕರುಣೆ. ಅವನು ಬೆಳಿಗ್ಗೆಯೇ ಬಂದು ಬಾನೆಟ್ ಎತ್ತಿದ್ದ.

"ನಿನ್ ಗಾಡಿ ತಾನಾಗೇ ಗೇರ್ ಬದಲಿಸೋದು ತೀರಾ ಬೇಗ ಕಣೋ. ಇಂಜಿನ್ ಆರು ಸಾವಿರ ಸುತ್ತು ಮುಟ್ಟೋವರೆಗೂ ಕಾಯೋ ಹಾಗೆ ಮಾಡಿದೀನಿ. ಇವತ್ತು ನೀನು ಸೋಲ್ಬೇಕು ಅಂದ್ರೂ ಸೋಲಕ್ಕಾಗಲ್ಲ."

ಗಾಜಿನ ಅಂಕಿಯನ್ನೂ ತಾನೇ ಹದಿನಾಲ್ಕಕ್ಕೆ ತಿದ್ದಿದ್ದ. ಹಾರ್ಲನ್ ಸೋಲಲು ಬೇರೆ ದಾರಿ ಹುಡುಕಿದ. ಬೇಕೆಂದೇ ಬ್ರೇಕ್ ಒತ್ತಿದರೆ ಓಪಲ್‌ಳ ಕಣ್ಣಿಗೆ ಬೀಳುತ್ತದೆ. ಮರ್ಲ್ ಅತ್ತ ಹೋದೊಡನೆ, ಇಂಜಿನ್ ಅತಿಯಾಗಿ ಸುತ್ತದಂತೆ ತಡೆಯುವ ಲಿಮಿಟರನ್ನು ಐದೂವರೆ ಸಾವಿರಕ್ಕೆ ಇಳಿಸಿದ. ಆರು ಸಾವಿರ ಮುಟ್ಟದೆ ಗೇರು ಬದಲಾಗದು. ಐದೂವರೆ ದಾಟಲು ಲಿಮಿಟರ್ ಬಿಡದು. ಇನ್ನು ಗಾಡಿ ಮೊದಲ ಗೇರಿನಲ್ಲೇ ಜಪ ಮಾಡಿಕೊಂಡಿರಬೇಕು.

ಪಕ್ಕದ ಸಾಲಿಗೆ ಬಂದವಳು ಶಾಲೆಯ ಬಸ್ಸು ಓಡಿಸುವ ವಾಂಡಾ. ಹದಿಮೂರು ಸೆಕೆಂಡಿನ ಅವಳ ಗಾಡಿಯ ಗಾಜಿನ ಮೇಲೆ ಹದಿನೈದು ಎಂದಿತ್ತು. ಹಾರ್ಲನ್‌ಗೆ ಜೀವ ಹಾರಿತು.

"ವಾಂಡಾ, ಎರಡು ಸೆಕೆಂಡ್ ಜಾಸ್ತಿ ಬರ್ದಿದೀಯ ನೋಡು."

"ಗಾಡಿಗೂ ವಯಸ್ಸಾಯ್ತಲ್ಲ," ಎಂದು ಅವಳು ಗಾಜು ಏರಿಸಿದಳು.

ಅವಳೇ ಮೊದಲು ಹೊರಟಳು. ಹಿಂದೆಯೇ ಹೊರಟ ಹಾರ್ಲನ್‌ನ ಕಾರು ನೂರು ಅಡಿ ಗರ್ಜಿಸಿ, ಒಗ್ಗರಣೆಯ ಘಾಟು ಹತ್ತಿದ ಮುದುಕನಂತೆ ಕೆಮ್ಮತೊಡಗಿತು. ಅದು ಅರ್ಧ ದಾರಿಯಲ್ಲಿ ಕೆಮ್ಮುತ್ತಿರುವಾಗಲೇ ವಾಂಡಾ ಗುರಿ ಮುಟ್ಟಿದ್ದಳು. ಅವಳ ಗಾಡಿಗೆ ನಿಜಕ್ಕೂ ವಯಸ್ಸಾಗಿದೆಯೆಂದು ನಂಬಿ ಅವನು ಮನಸ್ಸಿನಲ್ಲೇ ದೇವರಿಗೆ ವಂದನೆ ಹೇಳಿದ.

ಗೆಲುವಿನ ದೀಪ ಹತ್ತಿದ್ದು ಅವನ ಸಾಲಿನಲ್ಲಿ. ವಾಂಡಾ ಬರೆದದ್ದಕ್ಕಿಂತ ಎರಡು ಸೆಕೆಂಡ್ ಬೇಗ ಮುಟ್ಟಿದ್ದಳು.

ಮರ್ಲ್ ಓಡಿ ಬಂದು ತಬ್ಬಿಕೊಂಡು, ಎಲ್ಲ ತನ್ನ ಕೈಗುಣವೆಂದ. ಹಿಂದೆಯೇ ಓಪಲ್ ಬಂದಳು. ಕಂಕುಳಲ್ಲಿ 'ಮಾರಾಟಕ್ಕಿದೆ' ಎಂಬ ಹಲಗೆ. ಅದರ ಬಣ್ಣ ಒಣಗಿ ಎಷ್ಟೋ ದಿನವಾಗಿತ್ತು. ವಾಂಡಾ ದೂರದಲ್ಲಿ ಓಪಲ್ ಮಾಡಿಕೊಟ್ಟ ಸೇಬಿನ ಕಡುಬನ್ನು ತಿನ್ನುತ್ತ ಆಕಾಶ ನೋಡುತ್ತಿದ್ದಳು.

"ನೀನೇ ಹೇಳ್ಕೊಟ್ಟಿದ್ದಾ ಅವಳಿಗೆ?" ಹಾರ್ಲನ್‌ನ ಸ್ವರ ಮೊದಲ ಗೇರಿನಲ್ಲೇ ನಿಂತಿತ್ತು.

"ಹನ್ನೊಂದು ವರ್ಷ ದೇವರನ್ನ ಕೇಳ್ದೆ. ಈ ಸಲ ವಾಂಡಾನ ಕೇಳ್ದೆ," ಎಂದಳು ಓಪಲ್, ಹಲಗೆಯನ್ನು ಅವನ ಕೈಗಿಡುತ್ತ. "ಅವಳು ಕೊಟ್ಟ ಮಾತು ಉಳಿಸ್ಕೊಂಡ್ಲು, ಹಾರ್ಲನ್. ಇನ್ನು ನಿಂದು."