ಕ್ಯಾಪ್ಟನ್ ಚೌಸಿಕು ಸತ್ತ ಶುಕ್ರವಾರ

ಬುಗುರುನಿ ಬಡಾವಣೆಯಲ್ಲಿ ಒಂದು ಬಟ್ಟಲು ಕಡುಕಾಫಿಗೆ ಇನ್ನೂರು ಶಿಲ್ಲಿಂಗ್. ಜೊತೆಗೆ ಕಡಲೆಬೀಜದ ಚಿಕ್ಕಿ ಬೇಕೆಂದರೆ ಇನ್ನೊಂದು ನೂರು. ಶುಕ್ರವಾರದ ವಾರಪತ್ರಿಕೆಗೆ ಎಂಟುನೂರು. ಅಲ್ಲಿಂದ ಶನಿಗ್ರಹಕ್ಕೆ ಹೋಗಿಬರಲು ಮಾತ್ರ ಯಾರಿಗೂ ಏನೂ ಖರ್ಚಿರಲಿಲ್ಲ. ಆ ಪ್ರಯಾಣದ ಹೊಣೆಯೆಲ್ಲ ಶೋಮರಿಯದು. ಅವನು ಬರೆಯುತ್ತಿದ್ದ ಬಾಹ್ಯಾಕಾಶದ ಧಾರಾವಾಹಿಗೆ ಪತ್ರಿಕೆಯವರು ಕಂತಿಗೆ ಇಪ್ಪತ್ತೈದು ಸಾವಿರ ಕೊಡುತ್ತಿದ್ದರು. ಈ ವಾರದ ಇಪ್ಪತ್ತೈದು ಸಾವಿರಕ್ಕೆ ಅವನು ಒಂದು ಕೊಲೆ ಮಾಡಿದ್ದ.

ಕೊಂದದ್ದು ಕ್ಯಾಪ್ಟನ್ ಚೌಸಿಕುಳನ್ನು. ಮೂರು ವರ್ಷದಿಂದ ನೌಕೆ ನಡೆಸುತ್ತಿದ್ದ ಮುದುಕಿ. ಕಷ್ಟವೇನೆಂದರೆ, ಅದೇ ಹೆಸರಿನ, ಅದೇ ಕುಂಟುನಡಿಗೆಯ, ಅದೇ ಬಾಯಿಯ ಇನ್ನೊಬ್ಬಳು ಚೌಸಿಕು ಅವನ ಮನೆಯೊಡತಿ. ಆರು ಕೋಣೆಯ ಮನೆ, ನಡುವೆ ಉದ್ದನೆ ಪಡಸಾಲೆ. ಮೊದಲನೆಯದರಲ್ಲಿ ಅವಳು, ಗಲ್ಲಿಯವರು ಗೌರವದಿಂದ ಕರೆಯುವಂತೆ ಬೀ ಚೌಸಿಕು; ಕೊನೆಯದರಲ್ಲಿ ಶೋಮರಿ. ಅವನು ವಾರವೆಲ್ಲ ಕೋರ್ಟಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಊರವರ ಅರ್ಜಿ ಟೈಪ್ ಮಾಡುತ್ತಿದ್ದ. ಸಂಜೆ ಬಂದು ನಕ್ಷತ್ರಗಳ ಕಡೆ ಹೊರಡುತ್ತಿದ್ದ. ನಲವತ್ತಾರು ದಾಟಿದ್ದರೂ ಮದುವೆಯಾಗುವಷ್ಟು ಬಿಡುವನ್ನು ಆ ಗ್ರಹಗಳು ಕೊಟ್ಟಿರಲಿಲ್ಲ.

ಧಾರಾವಾಹಿ ಶುರುವಾಗುವಾಗ ಬೀ ಚೌಸಿಕುವೇ ಕೇಳಿದ್ದಳು. "ಅಲ್ಲವೋ, ಎಲ್ಲರನ್ನೂ ಆಕಾಶಕ್ಕೆ ಕಳಿಸ್ತೀಯಂತೆ. ನಾನು ಇಲ್ಲೇ ಎದುರಿಗಿರೋ ಝಾಂಜಿಬಾರ್ ದ್ವೀಪಾನೇ ನೋಡಿಲ್ಲ. ನನ್ನನ್ನೂ ಒಂದ್ಸಲ ಎಲ್ಲಾದ್ರೂ ಕಳಿಸು."

ಶೋಮರಿ ಅವಳನ್ನು ನೌಕೆಯ ಕ್ಯಾಪ್ಟನ್ ಮಾಡಿಬಿಟ್ಟ. ಅಂದಿನಿಂದ ಪ್ರತಿ ಶುಕ್ರವಾರ ಮಧ್ಯಾಹ್ನದ ಮೂರನೇ ನಮಾಜು ಮುಗಿದ ಮೇಲೆ ಬೀ ಚೌಸಿಕು ತನ್ನ ಮಣೆ ಹಿಡಿದು ಮಗಂಗಾ ಅಜ್ಜನ ಕಾಫಿಕಟ್ಟೆಗೆ ಹೋಗುವಳು. ಅವಳ ಕಣ್ಣಿಗೆ ಪೊರೆ ಬಂದು ಅಕ್ಷರಗಳು ಇರುವೆಸಾಲಾಗಿದ್ದವು. ಅಜ್ಜ ಹಿತ್ತಾಳೆ ಹೂಜಿಯನ್ನು ಕೆಂಡದ ಮೇಲಿಟ್ಟು ಪತ್ರಿಕೆ ಬಿಡಿಸಿ ಎಲ್ಲರ ದನಿಯಲ್ಲೂ ಓದುವನು. ಕ್ಯಾಪ್ಟನ್ ಗುಡುಗಿದಾಗಲೆಲ್ಲ ಅವಳು ಸುತ್ತ ನೋಡಿ, "ನಾನೇ ಅದು" ಎನ್ನುವಳು, ಯಾರಿಗೂ ಗೊತ್ತಿಲ್ಲವೇನೋ ಎಂಬಂತೆ.

ಹೋದ ವಾರ ಸಂಪಾದಕ ಕಿಮಾರೊ ಫೋನು ಮಾಡಿದ್ದ. "ಮುದುಕಿ ಸಾಕಾಯ್ತು ಕಣಯ್ಯ. ಸಾಯಿಸು. ಒಂದು ಚೆಂದದ ಹುಡುಗಿ ಬರಲಿ. ಇಲ್ಲಾಂದ್ರೆ ಕನಸಿನ ಫಲ ಬರೆಯೋನು ನಿನ್ನ ಪುಟಕ್ಕಾಗಿ ಬಾಗಿಲಲ್ಲೇ ನಿಂತಿದಾನೆ."

ಬದುಕಿರುವವರ ಸಾವು ಬರೆಯುವುದು ಅಪಶಕುನ. ಅದರಲ್ಲೂ ತಲೆಯ ಮೇಲೆ ಸೂರು ಕೊಟ್ಟವಳ ಸಾವು. ಅವಳಿಗೆ ಮೊದಲೇ ಹೇಳಿಬಿಡೋಣವೆಂದು ಶೋಮರಿ ಆರು ದಿನ ಬಾಯಿ ತೆರೆದ, ಆರು ದಿನವೂ "ಬಿಸಿಲು ಜಾಸ್ತಿ ಅಲ್ವಾ ಬೀ" ಎಂದು ಮುಚ್ಚಿದ. ಏಳನೆಯ ದಿನ ಶುಕ್ರವಾರವೇ ಬಂತು.

ಬೆಳಿಗ್ಗೆ ಆರೂವರೆಗೆ ಅವನು ಬಸ್‌ಸ್ಟಾಪಿನಲ್ಲಿ ಚಾಂಡೆಯ ಮುಂದೆ ನಿಂತಿದ್ದ. ಚಾಂಡೆ ನೆಲದ ಮೇಲೆ ಪತ್ರಿಕೆ ಹರಡಿ ಕೂರುವವನು. ಜನ ನಿಂತಲ್ಲೇ ತಲೆಬರಹ ಓದಿ ಹೋಗುವುದನ್ನು ನೋಡಿ ನೋಡಿ ಮನುಷ್ಯಜಾತಿಯ ಮೇಲೆ ನಂಬಿಕೆ ಕಳೆದುಕೊಂಡಿದ್ದ.

"ವಾರಪತ್ರಿಕೆ ಎಷ್ಟಿದೆ?"

"ಹದಿನೈದು. ಒಂದು ಕೊಡಲಾ, ಇಲ್ಲಾ ಎಂದಿನ ಹಾಗೆ ನಿಂತೇ ಓದ್ತೀಯಾ?"

"ಹದಿನೈದೂ ಕೊಡು."

ಚಾಂಡೆ ತಲೆಯೆತ್ತಿ ಅವನ ಕಣ್ಣಿನ ಬಿಳಿಭಾಗ ಪರೀಕ್ಷಿಸಿದ. "ಜ್ವರ ಏನಾದ್ರೂ? ಫೋಟೋ ಬಂದಿದೆಯಾ? ಸಾಲಗಾರರ ಪಟ್ಟೀಲಿ?"

"ನೆಂಟರಿಗೆ ಹಂಚೋಕೆ."

"ನಿನಗೆ ನೆಂಟರು ಯಾವ ಗ್ರಹದಲ್ಲಯ್ಯಾ?"

ಹನ್ನೆರಡು ಸಾವಿರ ಎಣಿಸಿ ಕೊಟ್ಟು ಶೋಮರಿ ಕಟ್ಟನ್ನು ಕಂಕುಳಿಗೆ ಸೇರಿಸಿದ. ಇನ್ನು ಕಾಫಿಕಟ್ಟೆಯಲ್ಲಿ ಓದಲು ಪತ್ರಿಕೆಯೇ ಇಲ್ಲ. ಹಿಂದಿನ ಬಾಗಿಲಿಂದ ಕೋಣೆ ಸೇರಿ ಕಟ್ಟನ್ನು ಮಂಚದಡಿ ತಳ್ಳಿ, ನೆಮ್ಮದಿಯಿಂದ ಚಹಾ ಕುಡಿದು ಮತ್ತೆ ಬಸ್‌ಸ್ಟಾಪಿಗೆ ಬಂದರೆ, ಚಾಂಡೆಯ ಮುಂದೆ ಹೊಸ ಪತ್ರಿಕೆಗಳ ರಾಶಿ! ಅವನು ಜನ್ಮದಲ್ಲಿ ಮೊದಲ ಸಲ ಎದ್ದು ನಿಂತು ಕೂಗುತ್ತಿದ್ದ: "ಬನ್ನಿ, ಬನ್ನಿ! ಬೆಳಗಾಗೋದ್ರೊಳಗೆ ಖಾಲಿಯಾದ ಪತ್ರಿಕೆ!"

"ಇದೇನೋ ಇದು?"

"ವ್ಯಾಪಾರ ಕಣಯ್ಯ! ಗೋದಾಮಿಗೆ ಫೋನು ಹೊಡೆದೆ. ಹದಿನೈದೂ ಹೋಯ್ತು, ಇನ್ನೂ ಕಳಿಸಿ ಅಂದೆ. ಹದಿನಾರು ಕಳಿಸಿದ್ರು."

ಶೋಮರಿ ಗಲ್ಲಿಯ ಕಡೆ ತಿರುಗಿ ನೋಡಿದ. ದೂರದಲ್ಲಿ ಮಗಂಗಾ ಅಜ್ಜ ಕಾಫಿ ಹೂಜಿ ಹಿಡಿದು, ಕೈಯಲ್ಲಿ ಬಟ್ಟಲು ಟಿಣಿಟಿಣಿ ಎನ್ನಿಸುತ್ತ ಇತ್ತಲೇ ಬರುತ್ತಿದ್ದ. ವಾರದ ಪತ್ರಿಕೆ ಕೊಳ್ಳಲು.

"ಹದಿನಾರೂ ಕೊಡು. ಬೇಗ!"

"ಮೊದಲಿನದೆಲ್ಲ ಏನಾಯ್ತು?"

"ನೆಂಟರು ಜಾಸ್ತಿ ಬಂದ್ರು."

ಇಪ್ಪತ್ತೈದು ಸಾವಿರದಲ್ಲಿ ಇಪ್ಪತ್ನಾಲ್ಕು ಸಾವಿರದ ಎಂಟುನೂರು ಚಾಂಡೆಯ ಜೇಬಿಗೆ ಹೋಯಿತು. ಶೋಮರಿಯ ಬಳಿ ಉಳಿದದ್ದು ಒಂದು ಬಟ್ಟಲು ಕಾಫಿಯಷ್ಟು. ಅಜ್ಜ ಬಂದು, ಪತ್ರಿಕೆ ಖಾಲಿಯೆಂದು ಕೇಳಿ ಚಾಂಡೆಯನ್ನೂ ಅವನ ಅಪ್ಪನನ್ನೂ ವಿಚಾರಿಸಿಕೊಂಡ. ಶೋಮರಿ ಅಷ್ಟರಲ್ಲಿ ಕಟ್ಟನ್ನು ಅಂಗಿಯೊಳಗೆ ಸೇರಿಸಿ, ತುಂಬು ಬಸುರಿಯಂತೆ ಬೆನ್ನು ಹಿಂದಕ್ಕೆ ಬಾಗಿಸಿ ಗಲ್ಲಿ ದಾಟುತ್ತಿದ್ದ. ಒಟ್ಟು ಮೂವತ್ತೊಂದು ಪತ್ರಿಕೆ ಮಂಚದಡಿ ಸೇರಿದವು. ಅಂಗಡಿಗೆ ಹೊತ್ತಾಗಿತ್ತು. ಬಾಗಿಲು ಎಳೆದುಕೊಂಡು ಓಡಿದ. ಬೀಗ ಹಾಕಲಿಲ್ಲ. ಬೀ ಚೌಸಿಕುವಿನ ಮನೆಯಲ್ಲಿ ಬೀಗ ಹಾಕುವುದು ಅವಳಿಗೆ ಅವಮಾನ.

ಮಧ್ಯಾಹ್ನದ ಮೇಲೆ ಅವನು ಕಾಫಿಕಟ್ಟೆಗೆ ಬಂದಾಗ ಎಂಟು ಹತ್ತು ಜನ ಕೂತಿದ್ದರು. ಚಾಂಡೆಯೂ ಇದ್ದ. ಬೀ ಚೌಸಿಕು ಆಗಲೇ ಮಣೆ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಬಟ್ಟೆ ಮುಚ್ಚಿದ ಬೋಗುಣಿ. ಅದರೊಳಗೆ ಅವಳು ದಿನಾ ಸಂಜೆ ಮಾರುವ ವಿಟುಂಬುವಾ, ಎಂದರೆ ಅಕ್ಕಿ ಮತ್ತು ತೆಂಗಿನಹಾಲಿನ ಸಿಹಿ ಗುಳಿಯಪ್ಪ.

"ಈ ವಾರ ಪೇಪರೇ ಇಲ್ವಂತಲ್ಲೋ," ಎಂದಳು ಅವಳು. "ನಾನು ಶನಿ ಮುಟ್ಟಿದೆನೋ ಇಲ್ಲವೋ ಅಂತ ವಾರದಿಂದ ಎದೆ ಹೊಡ್ಕೊಳ್ತಿದೆ. ನೀನೇ ಬರೆದೋನಲ್ವಾ, ನೀನೇ ಹೇಳು."

ಬಾವಿಗೆ ಬಿದ್ದವನಿಗೆ ಹಗ್ಗ ಸಿಕ್ಕಂತಾಯಿತು. ಶೋಮರಿ ಮೊಣಕಾಲ ಮೇಲೆ ಕೈಯಿಟ್ಟು ಶುರುಮಾಡಿದ. "ಮುಟ್ಟಿದ್ರಿ ಬೀ! ಶನಿಯ ಬಳೆ ಮೇಲೆ ನೌಕೆ ಇಳಿಸಿದ್ರಿ. ಅಲ್ಲಿನ ರಾಜ ಬಂದು ಕಾಲಿಗೆ ಬಿದ್ದ…"

"ಕಾಲಿಗಾ?"

"ಎರಡೂ ಕಾಲಿಗೆ. ಆಮೇಲೆ ಮೇಜವಾನಿ. ಅವರಿಗೆಲ್ಲ ನೀವು ವಿಟುಂಬುವಾ ಮಾಡಿ ಬಡಿಸಿದ್ರಿ."

"ತೂಕ ಇಲ್ಲದ ಜಾಗದಲ್ಲಿ ಎಣ್ಣೆ ಹೇಗೋ ಬಾಣಲೇಲಿ ನಿಲ್ಲುತ್ತೆ?" ಎಂದ ಅಜ್ಜ. ವಿಜ್ಞಾನದ ವಿಷಯದಲ್ಲಿ ಅವನು ಬಲು ಕಟ್ಟುನಿಟ್ಟು.

"ಕ್ಯಾಪ್ಟನ್ ಗದರಿದ್ರೆ ಎಣ್ಣೆ ನಿಲ್ಲದೆ ಎಲ್ಲಿ ಹೋಗುತ್ತೆ?" ಎಂದಳು ಬೀ ಚೌಸಿಕು. ಅವಳ ಮುಖ ಸಂತೋಷದಲ್ಲಿ ಅರಳಿತ್ತು. "ತಗೊಳ್ಳಿ, ಎಲ್ಲರೂ ಎರಡೆರಡು ತಿನ್ನಿ. ಇವತ್ತು ದುಡ್ಡು ಬೇಡ. ಶನಿ ಮುಟ್ಟಿದ್ದಕ್ಕೆ," ಎಂದು ಬೋಗುಣಿಯ ಬಟ್ಟೆ ಸರಿಸಿ ಪೊಟ್ಟಣ ಹಂಚಿದಳು.

ಶೋಮರಿ ರಾಜನ ಮೇಜವಾನಿಯಲ್ಲಿ ಕುಣಿತ ಸೇರಿಸುತ್ತಿದ್ದ. ಮಗಂಗಾ ಅಜ್ಜ ಒಂದು ವಿಟುಂಬುವಾ ಬಾಯಿಗೆಸೆದು, ಎಣ್ಣೆ ಹೀರಿದ ಪೊಟ್ಟಣದ ಕಾಗದವನ್ನು ರೂಢಿಯಂತೆ ಕಣ್ಣ ಹತ್ತಿರ ಹಿಡಿದ. ಅಗಿಯುತ್ತಿದ್ದ ಬಾಯಿ ನಿಂತಿತು.

"ಚೌಸಿಕು," ಎಂದ ಅಜ್ಜ, "ನೀನು ಸತ್ತು ಹೋಗಿದ್ದೀಯಲ್ಲೇ!"

ಚಾಂಡೆ ತನ್ನ ಪೊಟ್ಟಣ ಬಿಚ್ಚಿದ. "ನನ್ನದರಲ್ಲಿ ತಲೆಬರಹದಲ್ಲೇ ಸತ್ತಿದಾರೆ!"

ಶೋಮರಿಯ ಕುಣಿತ ಅರ್ಧಕ್ಕೇ ನಿಂತಿತು. "ಬೀ… ಈ ಕಾಗದ ಎಲ್ಲಿಂದ ಬಂತು?"

"ನಿನ್ನ ಕೋಣೆಯಿಂದ. ಪ್ಲಾಸ್ಟಿಕ್ ಚೀಲ ನಿಲ್ಲಿಸಿದ ಮೇಲೆ ಕಟ್ಟೋಕೆ ಕಾಗದ ಸಿಗೋದೇ ಕಷ್ಟ. ಗುಡಿಸೋಕೆ ಹೋದೆ, ಮಂಚದ ಕೆಳಗೆ ಹೊರೆ ಪೇಪರು! ಮುದುಕಿಗೆ ಅಂತ ಕೂಡಿಟ್ಟಿದ್ದಾನೆ ಪಾಪ ಅಂದ್ಕೊಂಡೆ. ಅರ್ಧ ಗಲ್ಲಿಗೆ ಆಗಲೇ ಕಟ್ಟಿಕೊಟ್ಟೂ ಆಯ್ತು."

ಮೂವತ್ತೊಂದು ಪತ್ರಿಕೆ ಕೊಂಡು ಅವನು ಮುಚ್ಚಿಟ್ಟ ಸಾವನ್ನು ಅವಳೇ ಕೈಯಾರೆ ಕತ್ತರಿಸಿ, ಸಿಹಿ ಇಟ್ಟು, ಮನೆಮನೆಗೆ ಹಂಚಿದ್ದಳು.

ಶೋಮರಿ ಭೂಮಿ ಬಿರಿಯಲೆಂದು ಕಾದ. ಬಿರಿಯುವ ಮೊದಲೇ ಮಗಂಗಾ ಅಜ್ಜ ಎದ್ದ. ಅವನು ನ್ಯಾಮ್ವೇಜಿ, ಬೀ ಚೌಸಿಕು ಝರಾಮೊ. ಆ ಎರಡು ಕುಲಕ್ಕೆ ತಾತಂದಿರ ಕಾಲದಿಂದ ಗೇಲಿಯ ನಂಟು. ಒಬ್ಬರನ್ನೊಬ್ಬರು ಏನಂದರೂ ಸಿಟ್ಟಾಗುವಂತಿಲ್ಲ. ಒಬ್ಬರಲ್ಲಿ ಸಾವಾದರೆ ಇನ್ನೊಬ್ಬರು ಬಂದು, ಸತ್ತವರ ಬಟ್ಟೆ ತೊಟ್ಟು, ಅವರಂತೆಯೇ ನಡೆದು ನುಡಿದು, ಅಳುವವರನ್ನು ನಗಿಸಬೇಕು. ಅಜ್ಜ ಈ ಕರ್ತವ್ಯಕ್ಕೆ ಹಿಂದೆಗೆಯುವವನಲ್ಲ. ಬೀ ಚೌಸಿಕುವಿನ ಹೆಗಲಿನ ಹೂವಿನ ಕಾಂಗಾ ಬಟ್ಟೆಯನ್ನು ಸರ್ರನೆ ಎಳೆದು ತಲೆಗೆ ಹೊದ್ದು, ಸೊಂಟಕ್ಕೆ ಕೈಯಿಟ್ಟು ಅವಳಂತೆಯೇ ಕುಂಟುತ್ತ ಸುತ್ತು ಹೊಡೆದ.

"ಏ ಮೂರನೇ ಕೋಣೆಯೋರೇ! ನಲ್ಲಿ ಯಾರಪ್ಪ ನಿಲ್ಲಿಸ್ತಾನೆ? ಶೋಮರೀ, ಊಟ ಮಾಡಿದ್ಯೇನೋ ಒಣಕಡ್ಡಿ? ಅಯ್ಯೋ, ನಾನು ಸತ್ತೆ, ಈ ಮನೆ ಗುಡಿಸೋರ್ಯಾರು!"

ಕಟ್ಟೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಬೀ ಚೌಸಿಕು ಮಾತ್ರ ನಗಲಿಲ್ಲ.

"ಸಾಕು ಕೂರೋ ಮುದಿಗೂಬೆ. ನಾನು ಹೇಗೆ ಸತ್ತೆ, ಓದು."

ಅಜ್ಜನ ತುಂಡಿನಲ್ಲಿದ್ದದ್ದು ನಡುವಿನ ಭಾಗ. ಮೊದಲ ಭಾಗ ಚಾಂಡೆಯ ಕೈಯಲ್ಲಿ, ಕೊನೆ ಇನ್ಯಾರದೋ ವಿಟುಂಬುವಾಗೆ ಅಂಟಿಕೊಂಡಿತ್ತು. ಎಲ್ಲರೂ ತಿಂಡಿಯನ್ನು ಅಂಗೈಯಲ್ಲಿ ಹಿಡಿದು ಕಾಗದ ಕೊಟ್ಟರು. ಅಜ್ಜ ತಲೆಯ ಮೇಲೆ ಕಾಂಗಾ ಹೊದ್ದುಕೊಂಡೇ, ಯಾರ ದನಿಯನ್ನೂ ಅಣಕಿಸದೆ, ತನ್ನದೇ ದನಿಯಲ್ಲಿ ಓದಿದ:

"ಎಂಜಿನ್ ಕೋಣೆಯಲ್ಲಿ ಒಬ್ಬ ಕಳ್ಳ ಪ್ರಯಾಣಿಕನಿದ್ದ. ಅವನು ಟಿಕೆಟ್ಟಿಗೆ ಹಣ ಕೊಟ್ಟಿರಲಿಲ್ಲ. ದಿನಾ ಸಂಜೆ ಅವನ ಬಾಗಿಲ ಮುಂದೆ ಮುಚ್ಚಳ ಮುಚ್ಚಿದ ಒಂದು ತಟ್ಟೆ ಇರುತ್ತಿತ್ತು. ಯಾರಿಟ್ಟರೆಂದು ಅವನು ಕೇಳಲಿಲ್ಲ. ಕೇಳಿದರೆ ಉಪಕಾರ ಒಪ್ಪಿಕೊಳ್ಳಬೇಕಾಗುತ್ತದೆ, ಒಪ್ಪಿಕೊಂಡರೆ ಅಳು ಬರುತ್ತದೆ ಎಂದು ಸುಮ್ಮನಿದ್ದ. ನೌಕೆಯಲ್ಲಿ ಗಾಳಿ ಮುಗಿಯುತ್ತ ಬಂದ ದಿನ ಅವನು ಮುಚ್ಚಳ ತೆಗೆದಾಗ ತಟ್ಟೆಯಲ್ಲಿ ಅನ್ನವಿರಲಿಲ್ಲ. ಕ್ಯಾಪ್ಟನ್ ತನ್ನ ಪಾಲಿನ ಗಾಳಿಯ ಡಬ್ಬಿಯನ್ನು ಅದರಲ್ಲಿಟ್ಟು ಹೋಗಿದ್ದಳು."

ಅಜ್ಜ ತುಂಡುಗಳನ್ನು ಮಡಿಸಿ ಬೀ ಚೌಸಿಕುವಿನ ಕೈಗಿಟ್ಟ.

"ಎಂಟು ವರ್ಷ ಆಯ್ತಲ್ವಾ?" ಎಂದಳು ಬೀ ಚೌಸಿಕು. "ನೀನು ಐದು ತಿಂಗಳು ಬಾಡಿಗೆ ಕೊಡದೆ ಬಾಗಿಲು ಹಾಕ್ಕೊಂಡು ಬಿದ್ದಿದ್ದೆ. ತಟ್ಟೆ ಯಾರಿಟ್ಟದ್ದು ಅಂತ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು ಬೀ."

"ಬಾಯಿ ಬಿಟ್ಟು ಹೇಳೋಕೆ ಶನಿವರೆಗೂ ಹೋಗಿ, ನನ್ನ ಕೊಂದು ಬರಬೇಕಾಯ್ತಾ?" ಕಣ್ಣೊರೆಸಲು ಹೆಗಲಿಗೆ ಕೈ ಹಾಕಿದಳು, ಬಟ್ಟೆ ಅಜ್ಜನ ತಲೆಯ ಮೇಲಿತ್ತು. ಅಲ್ಲಿಂದಲೇ ಸೆರಗಿನ ತುದಿ ಎಳೆದು ಒರೆಸಿಕೊಂಡಳು. "ಸತ್ತ ಮೇಲೆ ಯಾರ್ಯಾರು ಏನೇನು ಅಂತಾರೋ, ಕೇಳೋಕೆ ಯಾರಿರ್ತಾರೆ? ನಾನು ಕೇಳಿದೆ. ನಿನಗೆ ಒಳ್ಳೇದಾಗಲಿ ಮಗನೇ."

ಶೋಮರಿ ಎಂಟು ವರ್ಷದ ಮಾತು ಹೇಳಲು ಬಾಯಿ ತೆರೆದ. ಆಗ ಫೋನು ಬಡಿದುಕೊಂಡಿತು.

"ಶೋಮರೀ!" ಕಿಮಾರೊ ಸಂತೋಷದಿಂದ ಅರಚುತ್ತಿದ್ದ. ಕಟ್ಟೆಗೆಲ್ಲ ಕೇಳುತ್ತಿತ್ತು. "ಬುಗುರುನಿ ಒಂದರಲ್ಲೇ ಮೂವತ್ತೊಂದು! ಹತ್ತು ಗಂಟೆಯೊಳಗೆ! ಹದಿನೈದು ಕಳಿಸಿದ್ರೆ ಆರು ವಾಪಸ್ ಬರ್ತಿದ್ದ ಜಾಗ ಅದು. ಹುಡುಗಿಗಿಡುಗಿ ಏನೂ ಬೇಡ. ಸಾವು, ಸಾವೇ ಬೇಕು! ಇನ್ನು ವಾರಕ್ಕೊಬ್ಬರನ್ನ ಸಾಯಿಸು. ಮುಂದಿನ ಶುಕ್ರವಾರ ಅಲ್ಲಿಗೆ ಅರವತ್ತು ಕಳಿಸ್ತೀನಿ. ಒಂದು ವಾಪಸ್ ಬಂದ್ರೂ ಕನಸಿನವನು ಒಳಗೆ, ನೀನು ಹೊರಗೆ."

"ಸಾರ್, ಆ ಮೂವತ್ತೊಂದು…" ಎಂದ ಶೋಮರಿ. ಫೋನು ಇಟ್ಟಾಗಿತ್ತು. ಅರವತ್ತು ಪತ್ರಿಕೆಗೆ ನಲವತ್ತೆಂಟು ಸಾವಿರ. ಸಿಗುವುದು ಇಪ್ಪತ್ತೈದು.

"ಇದಕ್ಕೇನಂತೆ ಚಿಂತೆ?" ಚಾಂಡೆ ಹತ್ತಿರ ಸರಿದ. ಬೆಳಗಿನ ನೆಂಟರ ಗುಟ್ಟು ಅವನಿಗೆ ಈಗ ತಿಳಿದಿತ್ತು. "ಮುಂದಿನ ವಾರ ನನ್ನ ಸಾಯಿಸು. ಒಂಬತ್ತು ಜನ ಅಣ್ಣತಮ್ಮಂದಿರು. ಒಬ್ಬೊಬ್ಬರೂ ಒಂದು ಕೊಂಡ್ರೆ ಒಂಬತ್ತು ಹೋಯ್ತಲ್ಲ. ನಿಂತು ಓದಿದ್ದಕ್ಕೆ ಒಂದು ದಿನವಾದ್ರೂ ಕಾಸು ಕೇಳಿದ್ದೀನಾ ನಿನ್ನ?"

"ಸರದಿ ನನ್ನದು!" ಎಂದ ಅಜ್ಜ. "ಕಾಸಿಲ್ಲದಾಗ ಎಷ್ಟು ಬಟ್ಟಲು ಕುಡಿದಿದ್ದೀಯ, ಲೆಕ್ಕ ಇದೆಯಾ? ಜ್ವರಗಿರ ಬೇಡ. ಉಲ್ಕೆ ಬಡಿದು ಸಾಯಬೇಕು ನಾನು. ಹೂಜಿ ಕೈಯಲ್ಲೇ ಇರಬೇಕು, ಕಾಫಿ ಚೆಲ್ಲಬಾರದು."

ಒಬ್ಬ ಚಪ್ಪಲಿ ಹೊಲಿದು ಕೊಟ್ಟದ್ದನ್ನು ಜ್ಞಾಪಿಸಿದ, ಇನ್ನೊಬ್ಬಳು ಜ್ವರದಲ್ಲಿ ಗಂಜಿ ತಂದದ್ದನ್ನು. ಎಲ್ಲವೂ ನಿಜವೇ. ಶೋಮರಿ ಒಬ್ಬೊಬ್ಬರನ್ನೇ ನೋಡುತ್ತ ಹೋದ. ತಾನು ಬಾಯಿಬಿಟ್ಟು ನೆನೆಯದೆ ಉಳಿಸಿಕೊಂಡ ಉಪಕಾರ ಆ ಗಲ್ಲಿಯಲ್ಲಿ ಅರವತ್ತಕ್ಕೂ ಮೇಲಿತ್ತು. ಅಷ್ಟು ಜನರನ್ನು ಚೆನ್ನಾಗಿ ಸಾಯಿಸಿ ಮುಗಿಸುವುದರೊಳಗೆ ತಾನು ಉಳಿದರೆ ಹೆಚ್ಚು ಎಂದುಕೊಂಡ.

"ಯಾರನ್ನ ಬೇಕಾದ್ರೂ ಸಾಯಿಸು," ಎಂದಳು ಬೀ ಚೌಸಿಕು ಏಳುತ್ತ. "ನನ್ನಷ್ಟು ಚೆನ್ನಾಗಿ ಮಾತ್ರ ಬೇಡ. ಮತ್ತೆ ನೋಡು, ನಿನ್ನ ಕೋಣೇಲಿ ಮೇಜಿನ ಮೇಲೆ ನನ್ನ ತಟ್ಟೆಯ ನೀಲಿ ಮುಚ್ಚಳ ಕಾಣಿಸ್ತು. ಎಂಟು ವರ್ಷದಿಂದ ಹುಡುಕ್ತಿದ್ದೀನಿ. ತಂದುಬಿಟ್ಟೆ."

ಮೂರು ವರ್ಷದಿಂದ ಅವನು ಬರೆಯುವಾಗ ಎಡಗೈಯಲ್ಲಿ ಎತ್ತಿ ತಿರುಗಿಸಿ ಹಾರಿಸುತ್ತಿದ್ದ ನೌಕೆಯೇ ಆ ನೀಲಿ ಮುಚ್ಚಳ.

ಉಳಿದ ಇನ್ನೂರನ್ನು ಅಜ್ಜನಿಗೆ ಕೊಟ್ಟು ಒಂದು ಬಟ್ಟಲು ಕಾಫಿ ಕುಡಿದ. ಮನೆಗೆ ಬಂದಾಗ ಬಾಗಿಲ ಮುಂದೆ ಒಂದು ತಟ್ಟೆಯಿತ್ತು. ಮೇಲೆ ನೀಲಿ ಮುಚ್ಚಳ. ಪಡಸಾಲೆಯ ಆ ತುದಿಯಿಂದ ದನಿ ಬಂತು: "ಬೆಳಿಗ್ಗೆ ತೊಳೆದು ವಾಪಸ್ ಕೊಡು!"

"ಬೀ," ಎಂದು ಕೂಗಿದ ಶೋಮರಿ, "ನೀವು ಮಾಡಿದ್ದು ದೊಡ್ಡ ಉಪಕಾರ ಬೀ."

"ಆರಿಹೋಗುತ್ತೆ, ತಿನ್ನು."

ಆ ಶುಕ್ರವಾರ ಶೋಮರಿ ಕಳೆದುಕೊಂಡದ್ದು ಇಪ್ಪತ್ತೈದು ಸಾವಿರ ಶಿಲ್ಲಿಂಗ್, ಒಬ್ಬ ಕ್ಯಾಪ್ಟನ್, ಒಂದು ಬಾಹ್ಯಾಕಾಶ ನೌಕೆ. ಸಿಕ್ಕಿದ್ದು ಒಂದು ತಟ್ಟೆ ಪಲಾವು. ಇನ್ನೂ ಬಿಸಿಯಾಗಿತ್ತು.